‘ಇವನೇ ಕಳ್ಳ’ ಎಂದು ನಾನೂ ಫಾರ್ವರ್ಡ್ ಮಾಡಿದ್ದೆ

ಮಗ್ರಿಬ್ ನಮಾಝ್ ಮುಗಿಸಿ ಮದ್ರಸದ ಮೆಟ್ಟಿಲು ಇಳಿಯುವಾಗ ಒಬ್ಬ ಉಮ್ಮ ಗೇಟಿನ ಹತ್ತಿರ ನಿಂತಿದ್ದರು. ಮೀನು ವ್ಯಾಪಾರಕ್ಕೆಂದು ನಮ್ಮ ಕಡೆಯಿಂದ ಬಂದು ಹೊನ್ನಾವರ–ಭಟ್ಕಳ ನಡುವೆ ನೆಲೆಸಿದ ಬ್ಯಾರಿ ಮನೆಯವರು. ಸಲಾಂ ಹೇಳಿ ಮೊಬೈಲ್ ಮುಂದೆ ಹಿಡಿದರು. “ಉಸ್ತಾದರೇ, ದಮ್ಮಾಮಿನಲ್ಲಿರುವ ನನ್ನ ತಮ್ಮನಿಗೆ ಇದು ನಿಮ್ಮ ನಂಬರಿನಿಂದಲೇ ಬಂತಂತೆ, ಹೌದಾ?”

ಹೌದು. ಒಂದು ವಾರದ ಹಿಂದೆ ಅಂಗಡಿಯೊಂದರ ಸಿಸಿಟಿವಿ ಕ್ಲಿಪ್ ನಮ್ಮ ಗ್ರೂಪಿಗೆ ಬಂದಿತ್ತು. ಹದಿನೇಳರ ಹುಡುಗನೊಬ್ಬ ಗಲ್ಲಾ ಪೆಟ್ಟಿಗೆ ಹತ್ತಿರ ಬಗ್ಗುತ್ತಾನೆ, ಎದ್ದು ಹೊರಡುತ್ತಾನೆ. ಅಷ್ಟೇ. ಕೆಳಗೆ, ‘ಇವನೇ ಕಳ್ಳ, ಎಲ್ಲಿ ಕಂಡರೂ ಹಿಡಿದು ಕೊಡಿ’. ನಾಲ್ಕು ಜನಕ್ಕೆ ಎಚ್ಚರಿಕೆ ಆಗಲಿ ಎಂದು ನಾನು ಅದನ್ನು ಮೂರು ಗ್ರೂಪಿಗೆ ಕಳಿಸಿದೆ. ಅವನು ಬಗ್ಗಿದ್ದು ಕೆಳಗೆ ಬಿದ್ದ ತನ್ನ ಚಾರ್ಜರ್ ಎತ್ತಲಿಕ್ಕೆ. ದುಡ್ಡು ತೆಗೆದು ಸಾಮಾನಿನವರಿಗೆ ಕೊಟ್ಟದ್ದು ಅಂಗಡಿಯವರ ಅಣ್ಣನ ಮಗನೇ. ಮರುದಿನ ಸಂಜೆಗೆ ಅದು ಗೊತ್ತಾಯಿತು. ಅಂಗಡಿಯವರು ಕ್ಷಮೆ ಕೇಳಿ ಗ್ರೂಪಿಗೆ ಎರಡು ಸಾಲು ಹಾಕಿದರು. ಆ ಎರಡು ಸಾಲನ್ನು ಮುಂದಕ್ಕೆ ಕಳಿಸಿದವರು ಎಷ್ಟು ಮಂದಿ? ನಾನಂತೂ ಕಳಿಸಿರಲಿಲ್ಲ. ಹುಡುಗ ಅಷ್ಟರಲ್ಲಿ ಕಾಲೇಜಿಗೆ ಹೋಗುವುದು ಬಿಟ್ಟಿದ್ದ.

ಆ ರಾತ್ರಿ ನನಗೆ ನೆನಪಾದದ್ದು 2017ರ ಡಿಸೆಂಬರ್. ಈ ಕರಾವಳಿಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. 6ರಂದು ಹೊನ್ನಾವರದಲ್ಲಿ ಎರಡು ಕೋಮಿನವರ ನಡುವೆ ಗಲಾಟೆ. ಅಂದಿನಿಂದ ಕಾಣೆಯಾಗಿದ್ದ ಯುವಕನ ಶವ 8ರಂದು ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಪೋಸ್ಟ್‌ಮಾರ್ಟಂ ವರದಿ ಕೈಸೇರುವ ಮೊದಲೇ ಮೊಬೈಲಿನಲ್ಲಿ ವರದಿ ತಯಾರಾಗಿತ್ತು: ಬಿಸಿ ಎಣ್ಣೆ ಸುರಿದರು, ಕೈಯ ಹಚ್ಚೆ ಕೆತ್ತಿ ತೆಗೆದರು, ಮತ್ತೆ ಬರೆಯಲಾಗದಂಥದ್ದೆಲ್ಲ. ಹಾಗೇನೂ ಆಗಿಲ್ಲ ಎಂದು ಮಣಿಪಾಲದ ವಿಧಿವಿಜ್ಞಾನ ವೈದ್ಯರು ಕೊಟ್ಟ ಉತ್ತರಗಳನ್ನು ಪೊಲೀಸರು ಬಹಿರಂಗ ಮಾಡಿದರೂ ಕೇಳುವವರಿರಲಿಲ್ಲ. 11ರಂದು ಕುಮಟಾದಲ್ಲಿ ಕಲ್ಲು ತೂರಾಟ ನಡೆಯಿತು, ಐಜಿಪಿಯವರ ಕಾರೇ ಸುಟ್ಟುಹೋಯಿತು. ಬೆಂಕಿ ಶಿರಸಿಗೂ ಹಬ್ಬಿತು. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟಿತು: ಕೊಲೆಯಲ್ಲ, ಆಕಸ್ಮಿಕವಾಗಿ ನೀರಲ್ಲಿ ಮುಳುಗಿ ಸಾವು.

ನಾಲ್ಕು ವರ್ಷ ಹತ್ತು ತಿಂಗಳು. ಅಷ್ಟೂ ದಿನ ಕೊಲೆಗಾರ ಎಂಬ ಹೆಸರು ಹೊತ್ತ ಮನೆಗಳನ್ನು ನೆನಸಿಕೊಳ್ಳಿ. ಮಗನನ್ನು ಕಳಕೊಂಡ ಆ ತಾಯಿಯನ್ನೂ ನೆನಸಿಕೊಳ್ಳಿ. ತನ್ನ ಮಗನ ಮೈಮೇಲೆ ಆಗದ ಗಾಯಗಳ ಕಥೆಯನ್ನು ಆಕೆ ಊರವರ ಬಾಯಲ್ಲಿ ಕೇಳಬೇಕಾಯಿತು. ಸುಳ್ಳು ಎರಡೂ ಕಡೆಯ ಮನೆ ಸುಡುತ್ತದೆ.

ಭಟ್ಕಳದ ಕಥೆ ಇನ್ನೊಂದು. ಮಲ್ಲಿಗೆಗೆ ಹೆಸರಾದ ಊರು. ಒಂದಿಬ್ಬರ ಹೆಸರಿನ ಹಿಂದೆ ಊರಿನ ಹೆಸರು ಅಂಟಿಸಿ ಟಿವಿಯವರು ವರ್ಷಗಟ್ಟಲೆ ಓದಿದರು. ಲಾಡ್ಜಿನಲ್ಲಿ ಊರು ಯಾವುದೆಂದು ಕೇಳಿದರೆ ‘ಮುರ್ಡೇಶ್ವರ ಹತ್ತಿರ’ ಎಂದು ಹೇಳುವ ಹುಡುಗರನ್ನು ನಾನೇ ಕಂಡಿದ್ದೇನೆ. ಮಾಡದ ತಪ್ಪಿಗೆ ತಲೆ ತಗ್ಗಿಸುವುದು ಹೇಗಿರುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು? ಆದರೂ ಸಂಜೆ ಚಾ ಕುಡಿಯುತ್ತಾ ನಾವು ಮಾಡುವುದು ಅದನ್ನೇ. ಕಳ್ಳತನ, ಗಾಂಜಾ, ಓಡಿಹೋದ ಹುಡುಗಿ, ಸಾಲ ತೀರಿಸದವ, ಎಲ್ಲರ ಫೋಟೋ ಸ್ಟೇಟಸ್‌ನಲ್ಲಿ. ನಮ್ಮವರದ್ದಾದರೆ ‘ಸಮುದಾಯಕ್ಕೆ ಕಳಂಕ’ ಎಂಬ ಸಾಲು, ಬೇರೆಯವರದ್ದಾದರೆ ಇನ್ನೂ ಖುಷಿಯಿಂದ.

2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ ನಡೆದದ್ದು ನೋಡಿದ್ದೀರಿ. ಮೀನು ಕದ್ದಳೆಂದು ದುಡಿಯಲು ಬಂದ ಒಬ್ಬ ಹೆಂಗಸನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ನಿಂತವರು ವಿಡಿಯೊ ಮಾಡಿದರು. ಮುಖ್ಯಮಂತ್ರಿಗಳೇ ಖಂಡಿಸಿದರು, ಕೇಸಾಯಿತು, ಬಂಧನವೂ ಆಯಿತು. ವಿಡಿಯೊ ಇಲ್ಲದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ ಎನ್ನುವವರಿದ್ದಾರೆ, ಆ ಮಾತು ಸರಿ ಇರಬಹುದು. ಹಾಗಾದರೆ ಅದನ್ನು ಪೊಲೀಸರಿಗೆ ಕೊಡಿ. ನಾವು ‘ಎಂಥಾ ಅನ್ಯಾಯ’ ಎಂದು ಕಳಿಸಿದ ವಿಡಿಯೊದಲ್ಲೂ ಕಟ್ಟಿಹಾಕಿದ್ದ ಆ ಹೆಂಗಸಿನ ಮುಖವೇ ಇತ್ತು. ಹೊಡೆದವರು ಒಂದು ಊರಿಗೆ ತೋರಿಸಿದ್ದನ್ನು ಮರುಕಪಟ್ಟವರು ಇಡೀ ರಾಜ್ಯಕ್ಕೆ ತೋರಿಸಿದೆವು.

‘ಪೊಲೀಸು, ಕೋರ್ಟು ಅಂತ ಕೂತರೆ ವರ್ಷ ಹಿಡಿಯುತ್ತದೆ ಉಸ್ತಾದರೇ, ಮಾನ ಹೋದರೆ ಮಾತ್ರ ಇವರಿಗೆ ಬುದ್ಧಿ ಬರುವುದು’ ಎಂದು ಜಮಾಅತಿನ ಹಿರಿಯರೊಬ್ಬರು ನನಗೆ ಹೇಳಿದರು. ಅವರ ಸಿಟ್ಟು ಸುಳ್ಳಲ್ಲ. ಮಗಳಿಗೆ ತೊಂದರೆ ಆದ ಮನೆಯವರು ಠಾಣೆಯ ಬೆಂಚಿನಲ್ಲಿ ಗಂಟೆಗಟ್ಟಲೆ ಕಾದದ್ದನ್ನು ನಾನೂ ನೋಡಿದ್ದೇನೆ. ಆದರೆ ಫೋಟೋ ಹಾಕಿದರೆ ಆ ಕೇಸಿಗೇ ಪೆಟ್ಟು. ಪೊಲೀಸರು ಆರೋಪಿಯ ಮುಖಕ್ಕೆ ಬಟ್ಟೆ ಹಾಕಿ ಕರಕೊಂಡು ಹೋಗುವುದು ಯಾಕೆ? ಮರ್ಯಾದೆ ಕೊಡಲಿಕ್ಕೆ ಅಲ್ಲ. ಮುಂದೆ ಗುರುತು ಹಿಡಿಯುವ ಪರೇಡ್ ಉಂಟು. ಸಾಕ್ಷಿಯವರು ಹಲವರ ಸಾಲಿನಿಂದ ಇವನನ್ನು ತೋರಿಸಬೇಕು. ಅವರು ಮೊದಲೇ ವಾಟ್ಸಾಪಿನಲ್ಲಿ ಆ ಮುಖ ನೋಡಿದ್ದರೆ, ‘ಫೋಟೋ ನೋಡಿ ಗುರುತಿಸಿದ್ದು’ ಎಂದು ಆರೋಪಿಯ ವಕೀಲರು ಹಿಡಿದುಕೊಳ್ಳುತ್ತಾರೆ. ನಿಜವಾದ ಅಪರಾಧಿ ತಪ್ಪಿಸಿಕೊಳ್ಳುವ ದಾರಿ ನಮ್ಮ ಸ್ಟೇಟಸ್‌ನಿಂದಲೇ ಆಗಬಹುದು.

ಕಾನೂನೂ ಸುಮ್ಮನಿಲ್ಲ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಹೊರಗೆಡವಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದ ತನಕ ಜೈಲು. ಹೆಸರೇ ಬೇಕಂತಿಲ್ಲ, ಆರೋಪಿ ಮನೆಯವನೇ ಆಗಿದ್ದರೆ ಅವನ ಫೋಟೋ ಹಾಕಿದರೂ ಹುಡುಗಿ ಯಾರೆಂದು ಊರಿಗೆ ತಿಳಿಯುತ್ತದೆ. 18 ತುಂಬದ ಮಕ್ಕಳು ಕೇಸಿನಲ್ಲಿದ್ದರೆ, ನೊಂದವರಾಗಲಿ ಆರೋಪಿಯಾಗಲಿ, ಗುರುತು ಪ್ರಕಟಿಸುವುದು ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅಪರಾಧ. ಅಪರಾಧ ಕಣ್ಣೆದುರು ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯವಾದರೆ 1098.

ದೀನಿನ ಮಾತು ಒಂದೇ ಹೇಳುತ್ತೇನೆ. ಸುದ್ದಿ ಬಂದಾಗ ಪರಿಶೀಲಿಸಿ ಎಂಬ ಹುಜುರಾತ್ ಸೂರಾದ ಆಜ್ಞೆ ಮದ್ರಸದ ಮಕ್ಕಳಿಗೂ ಗೊತ್ತು. ನಾವು ಮರೆಯುವುದು ತಪ್ಪು ಸಾಬೀತಾದ ಮೇಲಿನ ಮಾತು. ಮದ್ಯ ಕುಡಿದವನೊಬ್ಬನಿಗೆ ಪ್ರವಾದಿ (ಸ.ಅ)ರ ಎದುರಲ್ಲೇ ಶಿಕ್ಷೆ ಆಯಿತು. ಅವನು ಹೊರಡುವಾಗ ಯಾರೋ, ಅಲ್ಲಾಹನು ಇವನನ್ನು ಅವಮಾನ ಮಾಡಲಿ ಎಂದರು. ಪ್ರವಾದಿಯವರು ಅದನ್ನು ತಡೆದರು, ಹಾಗೆ ಹೇಳಿ ಶೈತಾನನಿಗೆ ಸಹಾಯ ಮಾಡಬೇಡಿ ಎಂದರು. ಬುಖಾರಿಯಲ್ಲಿರುವ ಹದೀಸ್. ಅಲ್ಲಿ ಶಿಕ್ಷೆಗೆ ಒಂದು ಅಳತೆ ಇತ್ತು, ಅದು ಮುಗಿಯಿತು, ಅವನು ಮನೆಗೆ ಹೋದ. ಮೊಬೈಲಿನ ಶಿಕ್ಷೆ ಎಂದು ಮುಗಿಯುತ್ತದೆ? ಅವನ ತಂಗಿಗೆ ಸಂಬಂಧ ಬಂದಾಗ ಯಾರೋ ಒಬ್ಬರು ಹಳೆಯ ಫೋಟೋ ತೆಗೆದು ತೋರಿಸುತ್ತಾರೆ.

ಮತ್ತೆ ಆ ಉಮ್ಮನ ವಿಷಯ. ನಾನು ಅವರ ಎದುರಲ್ಲೇ ಮೆಸೇಜು ಅಳಿಸಲು ನೋಡಿದೆ. ಎಲ್ಲರ ಫೋನಿನಿಂದ ತೆಗೆಯುವ ಸಮಯ ಎಂದೋ ಮೀರಿತ್ತು. ನನ್ನ ಫೋನಿನಿಂದ ಮಾತ್ರ ಹೋಯಿತು. ಮೂರು ಗ್ರೂಪಿಗೂ ನನ್ನದು ತಪ್ಪಾಯಿತು ಎಂದು ವಾಯ್ಸ್ ಹಾಕಿದೆ. ಜುಮಾ ನಂತರ ನಾಲ್ಕು ಜನರ ಮುಂದೆಯೂ ಹೇಳಿದೆ. “ದಮ್ಮಾಮಿಗೂ ದುಬೈಗೂ ಹೋದದ್ದು ವಾಪಸ್ ಬರ್ತದಾ ಉಸ್ತಾದರೇ?” ಎಂದರು ಆಕೆ. ಪೇಪರಿನಲ್ಲಿ ಬರೆಯುತ್ತೇನೆ, ಅಲ್ಲಿಯವರೂ ಮೊಬೈಲಿನಲ್ಲಿ ಪೇಪರ್ ಓದುತ್ತಾರೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಬರೆಯಿರಿ, ಆದರೆ ಮಗನ ಹೆಸರು ಬೇಡ, ಅಂಗಡಿಯವರದ್ದೂ ಬೇಡ ಎಂದು ಹೇಳಿ ಹೋದರು.