ಬಣ್ಣದ ಶೀಟಿನ ಆಯುಷ್ಯ ಬಣ್ಣದಲ್ಲಿಲ್ಲ

ಕರಾವಳಿ, ಮಲೆನಾಡಿನ ಊರುಗಳಲ್ಲಿ ಹಂಚಿನ ಮಾಡುಗಳ ನಡುವೆ ನೀಲಿ, ಕೆಂಪು, ಹಸಿರು ಶೀಟುಗಳು ಎದ್ದು ಕಾಣತೊಡಗಿ ವರ್ಷಗಳೇ ಆದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಹಂಚಿಗಿದ್ದ ಪಟ್ಟ ಮೆಲ್ಲಗೆ ಶೀಟಿಗೆ ಜಾರುತ್ತಿದೆ. ಕಾರಣ ಎಲ್ಲರಿಗೂ ಗೊತ್ತು: ವರ್ಷ ವರ್ಷ ಹಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಪಕಾಸು-ರೀಪಿನ ಮರ ದುಬಾರಿ, ಮಂಗಗಳ ಕಾಟ ಬೇರೆ. ಸೋರುವ ತಾರಸಿಗೂ ಶೀಟೇ ಮದ್ದು, ಕೊಟ್ಟಿಗೆಗೂ ಶೀಟೇ. ಇಷ್ಟು ಹಣ ಸುರಿದು ಕೊಳ್ಳುವಾಗಲೂ ಅಂಗಡಿಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಯಾವ ಬಣ್ಣ ಇದೆ, ಎಷ್ಟು ದಪ್ಪ ಇದೆ. ಶೀಟು ಎಷ್ಟು ಮಳೆಗಾಲ ತಾಳುತ್ತದೆ ಎಂಬುದಕ್ಕೆ ಈ ಎರಡರಲ್ಲೂ ಉತ್ತರವಿಲ್ಲ. ಅದು ಬಣ್ಣದ ಕೆಳಗೆ ಕಾಣದೆ ಕೂತ ಲೋಹದ ಲೇಪದಲ್ಲಿದೆ, ಮತ್ತು ಶೀಟು ಹೊದಿಸುವವರ ಕೈಯಲ್ಲಿದೆ.

ಶೀಟನ್ನು ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಉಕ್ಕು, ಅದರ ಎರಡೂ ಬದಿಗೆ ಲೋಹದ ತೆಳು ಲೇಪ, ಅದರ ಮೇಲೆ ಪ್ರೈಮರ್, ಕೊನೆಗೆ ಬಣ್ಣ. ಸಾಮಾನ್ಯ ಶೀಟಿನಲ್ಲಿ ಮೇಲ್ಬದಿಯ ಪ್ರೈಮರ್ ಮತ್ತು ಬಣ್ಣ ಎರಡೂ ಸೇರಿ ಸುಮಾರು 25 ಮೈಕ್ರಾನ್. ತಲೆಗೂದಲಿನ ಅರ್ಧದಷ್ಟು ದಪ್ಪವೂ ಇಲ್ಲ. ಲೋಹದ ಲೇಪದಲ್ಲಿ ಎರಡು ಬಗೆ. ಬರೀ ಸತುವಿನದು ಹಳೆಯದು. 1970ರ ದಶಕದಲ್ಲಿ ಅಮೆರಿಕದ ಬೆಥ್ಲೆಹೆಮ್ ಸ್ಟೀಲ್ ಮಾರುಕಟ್ಟೆಗೆ ತಂದದ್ದು ಮಿಶ್ರಲೋಹದ ಲೇಪ: ತೂಕದಲ್ಲಿ 55 ಪಾಲು ಅಲ್ಯೂಮಿನಿಯಂ, ಒಂದೂವರೆ ಪಾಲಿನಷ್ಟು ಸಿಲಿಕಾನ್, ಉಳಿದದ್ದು ಸತು. ನಮ್ಮಲ್ಲಿ ಇದನ್ನು ಗ್ಯಾಲ್ವಾಲ್ಯೂಮ್ ಎನ್ನುತ್ತಾರೆ. ಲೇಪವನ್ನು ಅಳೆಯುವುದು ಒಂದು ಚದರ ಮೀಟರ್ ಶೀಟಿಗೆ, ಎರಡೂ ಬದಿ ಸೇರಿ, ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ. ಎಝಡ್ 150 ಎಂದರೆ ಮಿಶ್ರಲೋಹದ ಲೇಪ 150 ಗ್ರಾಂ, ಅಂದರೆ ಒಂದೊಂದು ಬದಿಗೆ ಸುಮಾರು 20 ಮೈಕ್ರಾನ್. ಸತು ಭಾರವಾದ ಲೋಹವಾದ್ದರಿಂದ ಬರೀ ಸತುವಿನ ಲೇಪ ಅಷ್ಟೇ ದಪ್ಪ ಬರಬೇಕಾದರೆ ಝಡ್ 275, ಅಂದರೆ 275 ಗ್ರಾಂ ಬೇಕು. ಅಗ್ಗದ ಶೀಟಿನಲ್ಲಿ ಕಡಿಮೆ ಮಾಡುವುದು ಈ ಲೇಪವನ್ನೇ. ಬಣ್ಣ ಅದೇ, ಹೊಳಪು ಅದೇ, ಕೆಳಗಿನ ಲೇಪ ಅರ್ಧ. ಕಣ್ಣಿಗೆ ತಿಳಿಯುವ ಸಂಗತಿಯೇ ಅಲ್ಲ.

ಉಕ್ಕಿನ ಪಾಲಿಗೆ ಬರಬೇಕಾದ ತುಕ್ಕನ್ನು ಸತು ತಾನು ಹೊರುತ್ತದೆ. ಗೀರು ಬಿದ್ದಲ್ಲಿ, ಕತ್ತರಿಸಿದ ಅಂಚಿನಲ್ಲಿ ಉಕ್ಕು ಬಯಲಾದರೂ ಪಕ್ಕದ ಸತು ಮೊದಲು ಕರಗುತ್ತಾ ಅದನ್ನು ಕಾಯುತ್ತದೆ. ಅಲ್ಯೂಮಿನಿಯಂ ಗಟ್ಟಿ ಪೊರೆ ಕಟ್ಟಿಕೊಂಡು ಸವೆತವನ್ನು ನಿಧಾನಗೊಳಿಸುತ್ತದೆ. ಬಣ್ಣದ ಕೆಲಸ ಈ ಲೇಪಕ್ಕೆ ನೀರು, ಉಪ್ಪು ತಾಗದಂತೆ ತಡೆಯುವುದು. ಹಾಗಾಗಿ ಬಣ್ಣ ಬರೀ ಶೋಕಿಯಲ್ಲ. ಆದರೆ ಬಣ್ಣ ಮಾಸುವುದೂ ಶೀಟು ಹಾಳಾಗುವುದೂ ಒಂದೇ ಅಲ್ಲ. ಬಿಸಿಲಿನ ಅತಿನೇರಳೆ ಕಿರಣ ಮೊದಲು ಕೆಡಿಸುವುದು ಬಣ್ಣವನ್ನು ಹಿಡಿದಿಟ್ಟ ರಾಳವನ್ನು. ಆಗ ಮೇಲ್ಮೈಯಲ್ಲಿ ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಸಾಧಾರಣ ಪಾಲಿಯೆಸ್ಟರ್ ಬಣ್ಣಕ್ಕೆ ಇದು ಬೇಗ, ಸಿಲಿಕೋನ್ ಬೆರೆಸಿದ್ದಕ್ಕೆ ಸ್ವಲ್ಪ ತಡ, ಪಿವಿಡಿಎಫ್ ಎಂಬ ದುಬಾರಿ ಬಣ್ಣಕ್ಕೆ ಬಹಳ ತಡ. ಇಟ್ಟಿಗೆ ಕೆಂಪು, ಕಂದು ಬಣ್ಣಗಳು ಕಬ್ಬಿಣದ ಆಕ್ಸೈಡಿನವಾದ್ದರಿಂದ ಗಟ್ಟಿ. ಕಣ್ಣು ಕುಕ್ಕುವ ಕೆಂಪು, ಹಳದಿಗಳು ಬೇಗ ಸೋಲುತ್ತವೆ. ಬಣ್ಣ ಬಿಳಿಚಿದ ಶೀಟು ಇನ್ನೂ ಹತ್ತಾರು ವರ್ಷ ಬಾಳಬಹುದು. ಹೊಳೆಯುವ ಶೀಟಿನ ಅಂಚಿನಲ್ಲೇ ತುಕ್ಕು ಶುರುವಾಗಿರಬಹುದು.

ಅಂಚಿಗೆ ತುಕ್ಕು ಬರುವುದು ಬಹಳ ಸಲ ಶೀಟು ಹೊದಿಸಿದ ದಿನವೇ ನಿರ್ಧಾರವಾಗಿರುತ್ತದೆ. ಗ್ರೈಂಡರ್ ಹಾಕಿ ಕೊಯ್ದಾಗ ಅಂಚಿನ ಬಣ್ಣ ಮತ್ತು ಲೇಪ ಸುಟ್ಟುಹೋಗುತ್ತದೆ. ಹಾರಿದ ಕಾದ ಕಬ್ಬಿಣದ ಕಿಡಿಗಳು ಬಣ್ಣಕ್ಕೆ ಕಚ್ಚಿಕೊಂಡು, ಮೊದಲ ಮಳೆಗೇ ಕೆಂಪು ಚುಕ್ಕಿಗಳಾಗುತ್ತವೆ. ಶೀಟು ಕೊಯ್ಯುವ ಕತ್ತರಿಯಿಂದ ಕೊಯ್ದು, ರಂಧ್ರ ಕೊರೆದ ಪುಡಿಯನ್ನು ಅಂದೇ ಗುಡಿಸಿದರೆ ಇದು ಆಗುವುದಿಲ್ಲ. ಸ್ಕ್ರೂ ಇನ್ನೊಂದು ಕತೆ. ಅಗ್ಗದ ಸ್ಕ್ರೂವಿನ ತಲೆ ಶೀಟಿಗಿಂತ ಮೊದಲೇ ತುಕ್ಕು ಹಿಡಿಯುತ್ತದೆ. ಅತಿಯಾಗಿ ಬಿಗಿದರೆ ರಬ್ಬರ್ ವಾಷರ್ ಹಿಂಡಿಹೋಗಿ ಒಡೆಯುತ್ತದೆ, ನೀರು ರಂಧ್ರಕ್ಕೇ ಇಳಿಯುತ್ತದೆ. ಶೀಟು ಇಳಿಸಿದ ಮೇಲೆ ಒಂದರ ಮೇಲೊಂದು ಪೇರಿಸಿ ಮಳೆಗೆ ಬಿಟ್ಟರೆ, ನಡುವೆ ನಿಂತ ನೀರು ಬಳಸುವ ಮೊದಲೇ ಲೇಪವನ್ನು ತಿನ್ನತೊಡಗುತ್ತದೆ.

ಕಂಪನಿ ಗ್ಯಾರಂಟಿ ಕೊಟ್ಟಿರುವಾಗ ಇಷ್ಟೆಲ್ಲ ತಲೆಬಿಸಿ ಏಕೆ ಎನ್ನುವವರಿದ್ದಾರೆ. ಗ್ಯಾರಂಟಿ ಚೀಟಿಯ ಸಣ್ಣ ಅಕ್ಷರಗಳನ್ನು ಓದಬೇಕು: ಕಡಲಿನಿಂದ ಇಂತಿಷ್ಟು ದೂರದೊಳಗೆ, ಜಾನುವಾರು ಕಟ್ಟುವಲ್ಲಿ, ಮಳೆನೀರು ತೊಳೆಯದ ಜಾಗದಲ್ಲಿ ಅನ್ವಯಿಸುವುದಿಲ್ಲ ಎಂದು ಹಲವು ಚೀಟಿಗಳಲ್ಲಿ ಬರೆದಿರುತ್ತದೆ. ಸಾವಿರ ಗಂಟೆ ಉಪ್ಪುನೀರಿನ ಪರೀಕ್ಷೆ ಗೆದ್ದ ಶೀಟು ಎಂಬ ಮಾತೂ ಪೂರ್ತಿ ನಂಬಲು ಸಾಲದು. ಆ ಪರೀಕ್ಷೆಯಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶೇ 5ರ ಉಪ್ಪುನೀರನ್ನು ಬಿಡದೆ ಸಿಂಪಡಿಸುತ್ತಾರೆ. ನಿಜವಾದ ಮಾಡು ನೆನೆಯುತ್ತದೆ, ಒಣಗುತ್ತದೆ, ಬಿಸಿಲಿಗೆ ಕಾಯುತ್ತದೆ. ಒಣಗುವಾಗಲೇ ಸತುವಿನ ಮೇಲೆ ರಕ್ಷಣೆಯ ಪೊರೆ ಕಟ್ಟುತ್ತದೆ. ಒಂದು ಶೀಟನ್ನು ಇನ್ನೊಂದಕ್ಕೆ ಹೋಲಿಸಲು ಆ ಗಂಟೆಗಳು ಉಪಯುಕ್ತ. ಅವನ್ನು ವರ್ಷಗಳಿಗೆ ಪರಿವರ್ತಿಸುವ ಸೂತ್ರ ಮಾತ್ರ ಇಲ್ಲ.

ಮಳೆಯೇ ದೊಡ್ಡ ವೈರಿ ಎಂಬುದೂ ಅರ್ಧ ಸತ್ಯ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ನಿಜ. ಆ ಮಳೆಯೇ ಶೀಟಿನ ಮೇಲೆ ಕೂತ ಕಡಲ ಉಪ್ಪನ್ನು ತೊಳೆಯುತ್ತದೆ ಕೂಡ. ಮಳೆ ತಾಗದ ಸೂರಿನ ಅಡಿಯಲ್ಲಿ ಉಪ್ಪು ಹಾಗೇ ಉಳಿದು, ತುಕ್ಕು ಅಲ್ಲಿಂದ ಹೊರಡುತ್ತದೆ. ತೆಂಗಿನ ಗರಿ, ತರಗೆಲೆ ಬಿದ್ದು ತೇವ ಆರದ ಮೂಲೆಯೂ ಹಾಗೆಯೇ. ಅಡಿಕೆ ತೋಟದ ಪಕ್ಕದ ಶೀಟಿಗೆ ಮತ್ತೊಂದು ಅಪಾಯ: ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ ಲವಣ. ಲೇಪ ಬಯಲಾದಲ್ಲಿ ಅದು ಬಿದ್ದರೆ ಸತು ಕರಗಿ ತಾಮ್ರ ಕೂರುತ್ತದೆ. ಔಷಧ ಹೊಡೆದ ಸಂಜೆ ಶೀಟಿಗೆ ಎರಡು ಕೊಡ ನೀರು ಎರಚುವುದು ಖರ್ಚಿಲ್ಲದ ಕೆಲಸ.

ಒಳ್ಳೆಯ ಲೇಪದ ಶೀಟು ದುಬಾರಿ, ಎಲ್ಲರಿಗೂ ಎಟುಕುವುದಿಲ್ಲ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಎಲ್ಲೆಡೆ ದುಬಾರಿ ಶೀಟೇ ಬೇಕೆಂದೂ ಇಲ್ಲ. ಚಿತ್ರದುರ್ಗದ ಒಣ ಹವೆಯಲ್ಲಿ ಸಾಧಾರಣ ಶೀಟು ಸಾಕು. ಕಡಲ ಬದಿಯವರು ದಪ್ಪಕ್ಕೆ ಕೊಡುವ ಹಣವನ್ನು ಲೇಪಕ್ಕೆ ಕೊಡಲಿ. 0.50 ಮಿ.ಮೀ. ಎಂದು ಮಾರುವ ಶೀಟಿನ ಅಳತೆ ಬಣ್ಣ, ಲೇಪ ಎಲ್ಲ ಸೇರಿಸಿದ್ದಾದರೆ, ಒಳಗಿನ ಉಕ್ಕು 0.43ರ ಆಸುಪಾಸು ಇರುತ್ತದೆ. ಬಿಲ್ಲಿನಲ್ಲಿ ಲೇಪದ ಗ್ರಾಂ ಬರೆಸಿಕೊಳ್ಳಬೇಕು, ಐಎಸ್ 14246 ಅಥವಾ ಐಎಸ್ 15965 ಗುರುತು ಇದೆಯೇ ನೋಡಬೇಕು. ಮೊದಲನೆಯದು ಸತು ಲೇಪದ ಬಣ್ಣದ ಶೀಟಿಗೆ, ಎರಡನೆಯದು ಅಲ್ಯೂಮಿನಿಯಂ-ಸತುವಿನದಕ್ಕೆ. ಇನ್ನು ಕೊಟ್ಟಿಗೆ: ಗಂಜಲದಿಂದ ಏಳುವ ಅಮೋನಿಯಾ ತಾಗುವುದು ಐದಾರು ಮೈಕ್ರಾನ್ ಬಣ್ಣವಷ್ಟೇ ಇರುವ ಶೀಟಿನ ಒಳಬದಿಗೆ. ಅಲ್ಲಿ ಗಾಳಿಯಾಡುವ ಹಂಚನ್ನು ತೆಗೆಯದೆ ಬಿಡುವುದೇ ಲೇಸು.