ಅಟ್ಟಕ್ಕೆ ಮೆಟ್ಟಿಲು ಎಲ್ಲಿಂದ?



ಶಾಲೆ ಶುರುವಾದ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, "ಸರ್, ನಮ್ಮ ಮನೆಯ ಅಟ್ಟವನ್ನು ರೂಮು ಮಾಡ್ತಾರಂತೆ. ನನಗೆ ಓದ್ಲಿಕ್ಕೆ, ಮಲಗ್ಲಿಕ್ಕೆ ಎಲ್ಲ ಅಲ್ಲೇ" ಎಂದಳು. "ಮೆಟ್ಟಿಲು ಎಲ್ಲಿಂದ?" ಎಂದು ಕೇಳಿದೆ. "ಈಗ ಏಣಿ ಇರುವಲ್ಲೇ ಸರ್, ಅಡುಗೆಮನೆಯಿಂದ."

ನನಗೆ ಅಜ್ಜನ ಮನೆ ನೆನಪಾಯಿತು. ಅಲ್ಲೂ ಏಣಿ ಇದ್ದದ್ದು ಒಲೆಯ ಪಕ್ಕದಲ್ಲೇ. ಒಂದು ಮಳೆಗಾಲ ಯಾರೋ ಒದ್ದೆ ಸೌದೆ ಒಲೆಗೆ ತುಂಬಿಸಿದರು. ನಾನು ಅಟ್ಟದಲ್ಲಿ ಪುಸ್ತಕ ಓದುತ್ತಿದ್ದೆ. ನೋಡುನೋಡುತ್ತಾ ಹೊಗೆ ತುಂಬಿ ಏಣಿಯ ಕಂಡಿಯೇ ಕಾಣದಾಯಿತು. ಅಜ್ಜಿಯ ಕೂಗು ಕೇಳಿದ ದಿಕ್ಕಿಗೆ ತೆವಳಿಕೊಂಡು ಬಂದು ಹೇಗೋ ಇಳಿದೆ. ಬೆಂಕಿ ಬಿದ್ದಿರಲಿಲ್ಲ, ಬರೀ ಹೊಗೆ. ಆದರೂ ಆ ಹೆದರಿಕೆ ಇವತ್ತಿಗೂ ಮರೆತಿಲ್ಲ.

ಹೊಗೆ ಏಕೆ ಮೇಲೇರುತ್ತದೆ?

ಗಾಳಿ ಬಿಸಿಯಾದಾಗ ಹಿಗ್ಗುತ್ತದೆ, ಅದರ ಸಾಂದ್ರತೆ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ಇರುತ್ತದೆ. 300 ಡಿಗ್ರಿಯಲ್ಲಿ ಅಷ್ಟೇ ಜಾಗದ ಗಾಳಿ ಸುಮಾರು 0.6 ಕಿಲೋಗ್ರಾಂ ಮಾತ್ರ. ಅರ್ಧಕ್ಕರ್ಧ ಹಗುರ! ಸುತ್ತಲಿನ ತಣ್ಣನೆಯ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲೆ ಹೋಗಲು ಇರುವ ದಾರಿ ಯಾವುದು? ಮೆಟ್ಟಿಲಿನ ಕಂಡಿ. ಅಂದರೆ ನಾವು ಇಳಿಯಬೇಕಾದ ದಾರಿಯೇ ಹೊಗೆಗೆ ಚಿಮಣಿಯಾಗುತ್ತದೆ.

ನಮ್ಮ ಕಾಸರಗೋಡಿನ ಹಳೆಯ ಹಂಚಿನ ಮನೆಗಳಲ್ಲಿ ಹಿರಿಯರು ಇದನ್ನು ಬೇಕೆಂದೇ ಬಳಸಿಕೊಂಡಿದ್ದರು. ಒಲೆಯ ಹೊಗೆ ಏರಿ ಅಟ್ಟದಲ್ಲಿಟ್ಟ ತೆಂಗಿನಕಾಯಿ, ಅಡಿಕೆ ಒಣಗಬೇಕು, ಹುಳ ಹಿಡಿಯಬಾರದು. ಕೊಬ್ಬರಿಗೆ ಒಳ್ಳೆಯದಾದದ್ದು ಮಲಗಿದ ಮಗುವಿಗೆ ಒಳ್ಳೆಯದಲ್ಲ. ಅಟ್ಟ ಕೋಣೆಯಾಗುವಾಗ ಮೆಟ್ಟಿಲೂ ಜಾಗ ಬದಲಿಸಬೇಕು. ಅದು ಚಾವಡಿಗೆ, ಎದುರು ಬಾಗಿಲಿನ ಹತ್ತಿರಕ್ಕೆ ಇಳಿಯಲಿ. ಅಡುಗೆಮನೆಗೂ ಮೆಟ್ಟಿಲಿಗೂ ನಡುವೆ ಮುಚ್ಚುವ ಬಾಗಿಲೊಂದು ಇರಲಿ. ಇಂಗ್ಲೆಂಡಿನಲ್ಲಿ ಎರಡು ಅಂತಸ್ತಿನ ಮನೆಯ ಅಟ್ಟವನ್ನು ಕೋಣೆ ಮಾಡುವವರು ಸಾಮಾನ್ಯವಾಗಿ ಮೆಟ್ಟಿಲಿನ ಸುತ್ತ 30 ನಿಮಿಷ ಬೆಂಕಿ ತಡೆಯುವ ಗೋಡೆ ಕಟ್ಟಿ, ಹೊರಬಾಗಿಲಿನವರೆಗೆ ದಾರಿ ಕಾಯ್ದುಕೊಳ್ಳಬೇಕು.

ಲೆಕ್ಕ ಹಾಕೋಣ

ನೆಲದಿಂದ ಅಟ್ಟದ ನೆಲಕ್ಕೆ 285 ಸೆಂ.ಮೀ. ಎಂದುಕೊಳ್ಳಿ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಕಾಲಿಡುವ ಅಗಲ 25 ಸೆಂ.ಮೀ.ಗಿಂತ ಕಡಿಮೆ ಇರಬಾರದು. 285 ÷ 19 = 15 ಏರುಗಳು. ಕೊನೆಯ ಏರು ಅಟ್ಟದ ನೆಲಕ್ಕೇ ಮುಟ್ಟುವುದರಿಂದ ಕಾಲಿಡುವ ಹಲಗೆಗಳು 14. 14 × 25 = 350 ಸೆಂ.ಮೀ. ಏಣಿಗೆ ಒಂದು ಮೂಲೆ ಸಾಕಾದರೆ, ನೇರ ಮೆಟ್ಟಿಲಿಗೆ ಮೂರೂವರೆ ಮೀಟರ್ ಉದ್ದ ಬೇಕು!

ಹತ್ತನೆಯವರು ಗಮನಿಸಿ: tan θ = 19/25 = 0.76. ಕೋನ ಸುಮಾರು 37 ಡಿಗ್ರಿ. 17ನೇ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೋಂಡೆಲ್ ಮನುಷ್ಯನ ಹೆಜ್ಜೆಯ ಅಳತೆಯಿಂದ ಒಂದು ಸೂತ್ರ ಕೊಟ್ಟ: ಎರಡು ಎತ್ತರ, ಒಂದು ಅಗಲ ಕೂಡಿಸಬೇಕು. ಇಂದು ಆ ಮೊತ್ತ 60ರಿಂದ 65 ಸೆಂ.ಮೀ. ಒಳಗಿದ್ದರೆ ಹತ್ತಲು ಹಿತ ಎನ್ನುತ್ತಾರೆ. ನಮ್ಮದು 19 + 19 + 25 = 63. ಸರಿಯಾಯ್ತಲ್ಲ?

ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಎರಡು ಮೆಟ್ಟಿಲು ಹತ್ತಿದ ಮೇಲೆ ಕಾಲು ಎತ್ತರವನ್ನು ಕಲಿತುಬಿಡುತ್ತದೆ, ಮತ್ತೆ ನಾವು ನೋಡುವುದೇ ಇಲ್ಲ. ಕೊನೆಯದು ಒಂದೆರಡು ಸೆಂ.ಮೀ. ಹೆಚ್ಚಾದರೂ ಎಡವುತ್ತೇವೆ.

ತಲೆಯನ್ನು ಮರೆಯಬೇಡಿ

ಹಂಚಿನ ಮಾಡು ಇಳಿಜಾರು. ಅದು 30 ಡಿಗ್ರಿ ಇದ್ದು, ಬದಿಯ ಗೋಡೆ ಅಟ್ಟದ ನೆಲದಿಂದ 60 ಸೆಂ.ಮೀ. ಮಾತ್ರ ಎತ್ತರವಿದ್ದರೆ, 2 ಮೀಟರ್ ಎತ್ತರ ಸಿಗಬೇಕಾದರೆ ಇನ್ನೂ 140 ಸೆಂ.ಮೀ. ಏರಬೇಕು. 140 ÷ tan 30° = ಸುಮಾರು 243 ಸೆಂ.ಮೀ. ಕೊನೆಯ ಮೆಟ್ಟಿಲು ಗೋಡೆಯಿಂದ ಅಷ್ಟು ಒಳಗೆ, ಮಾಡಿನ ಎತ್ತರದ ನಡುಭಾಗದ ಕೆಳಗೆ ಬರಬೇಕು. ಇಲ್ಲದಿದ್ದರೆ ದಿನಾ ಪಕ್ಕಾಸಿಗೆ ತಲೆ ಹೊಡೆಯುವುದೇ!

ಬಾಗಿಲು ಯಾವ ಕಡೆಗೆ?

ಮೆಟ್ಟಿಲ ತುದಿಯಲ್ಲೇ ಬಾಗಿಲಿಟ್ಟು ಅದು ಮೆಟ್ಟಿಲಿನ ಮೇಲೆ ತೆರೆಯುವಂತಿದ್ದರೆ ಏನಾದೀತು? ಹತ್ತಿ ಬಂದವರನ್ನು ಬಾಗಿಲೇ ಹಿಂದಕ್ಕೆ ದೂಡುತ್ತದೆ. ಕತ್ತಲಲ್ಲಿ ಹೊರಗೆ ಬಂದವರ ಮೊದಲ ಹೆಜ್ಜೆಗೆ ನೆಲವೇ ಇರುವುದಿಲ್ಲ. ಆದ್ದರಿಂದ ಬಾಗಿಲು ಕೋಣೆಯ ಒಳಕ್ಕೆ ತೆರೆಯಲಿ, ಬಾಗಿಲಿಗೂ ಮೊದಲ ಮೆಟ್ಟಿಲಿಗೂ ನಡುವೆ ಕನಿಷ್ಠ ಬಾಗಿಲಿನಷ್ಟು ಅಗಲದ ಸಮತಟ್ಟು ಜಾಗ ಇರಲಿ. ಚಿಲಕ ಹೊರಗಡೆ ಬೇಡ. ಸ್ವಿಚ್ ಮೇಲೊಂದು, ಕೆಳಗೊಂದು ಇರಲಿ.

ಇಷ್ಟಾದರೂ ಇನ್ನೊಂದು ದಾರಿ ಬೇಕು. ನಮ್ಮ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಕಳ್ಳ ಒಳಗೆ ಬರುವುದಿಲ್ಲ ನಿಜ, ನಾವೂ ಹೊರಗೆ ಹೋಗಲಾರೆವು! ಒಂದು ಕಿಟಕಿಯ ಸರಳಿಗಾದರೂ ಬಿಜಾಗರಿ ಹಾಕಿ, ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವಂತೆ ಮಾಡಿಸಿ.

ಮಾಡಿ ನೋಡಿ

ಮನೆಯಲ್ಲಿ ಮಹಡಿಯಿದ್ದರೆ, ಫ್ಯಾನ್ ಆರಿಸಿ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ಮೆಟ್ಟಿಲಿನ ಬುಡದಲ್ಲಿ ಊದುಬತ್ತಿ ಹಚ್ಚಿ ಹಿಡಿಯಿರಿ. ಮೇಲಿನ ಬಾಗಿಲು ತೆರೆದಾಗ ಹೊಗೆ ಯಾವ ಕಡೆ ವಾಲುತ್ತದೆ, ಮುಚ್ಚಿದಾಗ ಏನಾಗುತ್ತದೆ? ಬರೆದಿಟ್ಟುಕೊಳ್ಳಿ. ಮೆಟ್ಟಿಲುಗಳನ್ನೂ ಒಂದೊಂದಾಗಿ ಅಳೆಯಿರಿ, ಎಲ್ಲವೂ ಸಮ ಇವೆಯೇ ನೋಡಿ.

ಆ ಹುಡುಗಿ ಈ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಅಪ್ಪನಿಗೂ ಆಚಾರಿಗೂ ತೋರಿಸಿದಳು. ಆಚಾರಿ ಟೇಪು ಹಿಡಿದು ಇನ್ನೊಮ್ಮೆ ಅಳೆದರಂತೆ. ಈಗ ಮೆಟ್ಟಿಲು ಚಾವಡಿಯಿಂದ ಏರುತ್ತದೆ. ಅಡುಗೆಮನೆಯ ಹಳೆ ಕಂಡಿಯನ್ನು ಮುಚ್ಚಿದ್ದಾರೆ. "ಕೊಬ್ಬರಿಗೆ ಬೇರೆ ಜಾಗ ಹುಡುಕ್ಬೇಕಂತೆ ಸರ್, ಅಜ್ಜಿಗೆ ಸ್ವಲ್ಪ ಬೇಜಾರು" ಎಂದು ನಕ್ಕಳು.