ಶುದ್ಧ ನೀರಿನ ಘಟಕವೂ ಕರೆಂಟಿನ ಬಿಲ್ಲೂ



ನಮ್ಮ ಮಡಕಶಿರಾ ಸೀಮೆಯ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಹೆಚ್ಚೆಂಬುದು ನಿಮಗೆ ತಿಳಿಯದ ವಿಷಯವೇನಲ್ಲ. ಇದು ಕಾಯಿಸಿದರೆ ಹೋಗುವುದಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆತನದಿಂದ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುವುದುಂಟು. ತರಗತಿಯಲ್ಲಿ ನಾನು ದಿನವೂ ನೋಡುತ್ತಿದ್ದೇನೆ. ಆದುದರಿಂದಲೇ ಊರಿಗೆ ಆರ್.ಓ. ಘಟಕ ಬಂದಾಗ ಎಲ್ಲರಿಗೂ ಸಂತೋಷವಾಯಿತು.

ಮೂರನೆಯ ವರ್ಷಕ್ಕೆ ಸಂತೋಷ ಇಳಿಯಿತು. ಮೊದಲು 4 ಗಂಟೆಯಲ್ಲಿ ತುಂಬುತ್ತಿದ್ದ ತೊಟ್ಟಿಗೆ 6 ಗಂಟೆ ಹಿಡಿಯತೊಡಗಿತು. ಬಿಲ್ಲು ಏರಿತು, ಕ್ಯಾನಿನ ದರವೂ ಏರಿತು. ಕೂಲಿಯವರ ಮನೆಗಳು ಸದ್ದಿಲ್ಲದೆ ಬೋರಿನ ನೀರಿಗೇ ಮರಳಿದವು.

ಕರೆಂಟು ಎಲ್ಲಿ ಹೋಯಿತು? ಈ ಯಂತ್ರದಲ್ಲಿ ವಿದ್ಯುಚ್ಛಕ್ತಿಯ ಬಹುಪಾಲು ನೀರನ್ನು ಒಂದು ಪೊರೆಯ ಮೂಲಕ ಒತ್ತಿ ತಳ್ಳುವುದಕ್ಕೇ ವೆಚ್ಚವಾಗುತ್ತದೆ. 1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಯೆಬ್ ಹಾಗೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಇಂಥ ಬಳಕೆಗೆ ಒದಗುವ ಪೊರೆಯನ್ನು ತಯಾರಿಸಿದರು. ಸಮುದ್ರದ ನೀರಿನಿಂದ ಉಪ್ಪನ್ನು ಬೇರೆ ಮಾಡಲು, 270 ಮೀಟರು ಮೇಲಕ್ಕೆ ನೀರೆತ್ತುವಷ್ಟು ಒತ್ತಡವಾದರೂ ಬೇಕು. ಲೀಟರಿಗೆ 2 ಗ್ರಾಂ ಉಪ್ಪಿರುವ ಬಾವಿಯ ನೀರಿಗೆ 15 ಮೀಟರಿನಷ್ಟು ಸಾಕು! ಆದರೆ ಪೊರೆಯ ದಾರಿ ಬಲು ಇಕ್ಕಟ್ಟು. ನೀರು ಬೇಗ ಬರಬೇಕೆಂದರೆ 100 ಮೀಟರಿನಷ್ಟು ಒತ್ತಡ ಕೊಡಬೇಕಾಗುತ್ತದೆ. ಪೊರೆಯ ಮೇಲೆ ಸುಣ್ಣ, ಕೆಸರು ಕಟ್ಟಿತೆಂದರೆ ಅದೂ ಸಾಲದು. ನಮ್ಮಲ್ಲಿ ಆದದ್ದು ಇದೇ. ಮುಂದಿನ ಸೋಸುಗವನ್ನು ಬದಲಾಯಿಸಿ, ಪೊರೆಯನ್ನು ತಯಾರಕರು ಹೇಳಿದ ಮದ್ದಿನಿಂದ ತೊಳೆಸಿದ ಮೇಲೆ ತೊಟ್ಟಿ ನಾಲ್ಕೂವರೆ ಗಂಟೆಗೆ ತುಂಬಿತು. ಶುದ್ಧ ನೀರು ಹತ್ತರಲ್ಲಿ ಒಂದು ಪಾಲು ಕಡಿಮೆಯಾದಾಗಲೇ ತೊಳೆಸತಕ್ಕದ್ದು. ಮೂರು ವರ್ಷ ಕಾದದ್ದು ನಮ್ಮ ತಪ್ಪು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವಂಥದು. 10 ಬಿಂದಿಗೆ ನೀರನ್ನು ಒತ್ತಿ 4 ಬಿಂದಿಗೆ ಶುದ್ಧ ನೀರು ಪಡೆದರೆ, ಉಳಿದ ಆರರ ಮೇಲೆ ಹೂಡಿದ ಕರೆಂಟು ಮೋರಿಗೆ. ಹೊರಬೀಳುವ ಆ ನೀರಿನಲ್ಲಿ ಒತ್ತಡ ಇನ್ನೂ ಉಳಿದಿರುತ್ತದೆ. ಅದನ್ನು ಹಾಗೆಯೇ ಎರಡನೆಯ ಪೊರೆಗೆ ಹರಿಸಿ 6 ಬಿಂದಿಗೆ ಪಡೆದರೆ, ಹೆಚ್ಚುಕಡಿಮೆ ಅದೇ ಕರೆಂಟಿಗೆ ಒಂದೂವರೆ ಪಟ್ಟು ನೀರು. ಆದರೆ ಮಿತಿ ಮೀರಿ ಹಿಂಡಿದರೆ ಸುಣ್ಣ ಬೇಗ ಕಟ್ಟುತ್ತದೆ. ನೀರಿನ ಪರೀಕ್ಷೆ ಮಾಡಿಸದೆ ಕೈಹಾಕಬಾರದು. (ಆ ಮೋರಿಯ ನೀರನ್ನು ನಾನೊಂದು ಬೇಸಿಗೆ ಹಿಪ್ಪುನೇರಳೆಗೆ ಬಿಟ್ಟು ಎಲೆಯ ಅಂಚು ಸುಟ್ಟುಕೊಂಡಿದ್ದೇನೆ.)

ದೊಡ್ಡ ಪಂಪು ತಂದು ಕವಾಟ ಬಿಗಿದು ನಡೆಸುವುದೂ ದಂಡವೇ. ಮೋಟಾರಿನ ವೇಗ ತಗ್ಗಿಸುವ ಸಾಧನ ಸಿಕ್ಕುತ್ತದೆ.

ಈಗ ಪ್ರತಿ ಶನಿವಾರ ಏಳನೆಯ ತರಗತಿಯ ಮಕ್ಕಳು ಕರೆಂಟಿನ ಮೀಟರನ್ನೂ ನೀರಿನ ಮೀಟರನ್ನೂ ಓದಿ, 1000 ಲೀಟರಿಗೆ ಎಷ್ಟು ಯೂನಿಟ್ಟೆಂದು ಘಟಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅಂಕಿ ಏರಿದ ವಾರ, ಕ್ಯಾನು ಹಿಡಿದು ಬಂದ ಹೆಂಗಸರೇ ಮೊದಲು ಕೇಳುತ್ತಾರೆ.